ನಾಲ್ಕೂವರೆಯ ಕಲ್ಲು

ನಾನು ನಿಂತಿದ್ದು ಶಾಲೆಯ ನೀರಿನ ತೊಟ್ಟಿಯ ಎಡಗಡೆ. ಅಲ್ಲಿಂದ ಬಾವುಟದ ಕಂಬಕ್ಕೆ ಹದಿನಾಲ್ಕು ಹೆಜ್ಜೆ. ಆಮೇಲೆ ಅಳೆದು ನೋಡಿದ್ದೇನೆ. ಊರು ಹಿರಿಯೂರು. ಎಪ್ಪತ್ತರ ದಶಕದ ನಡುವಿನ ಒಂದು ಡಿಸೆಂಬರ್, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ಐವತ್ಮೂರು ನಿಮಿಷ. ಐವತ್ನಾಲ್ಕು ಆಗಿದ್ದರೂ ಆಗಿರಬಹುದು, ಐವತ್ತೈದಂತೂ ಅಲ್ಲ. ಆಗ ಕಂಡದ್ದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಯಾರು ನಂಬುತ್ತಿದ್ದರು?

ಯಾಕೆಂದರೆ ಕಂಡದ್ದು ನನ್ನ ಸೋದರಮಾವನನ್ನು. ಅವರು ಹುಟ್ಟಿದಾಗ ಅಳುವುದಕ್ಕೆ ಮೊದಲು ಸೂಲಗಿತ್ತಿಯನ್ನು ‘ಗಂಟೆ ಎಷ್ಟು?’ ಎಂದು ಕೇಳಿದರಂತೆ! ಇದನ್ನು ಹೇಳುತ್ತಿದ್ದವರು ನನ್ನ ಅತ್ತೆ. ಅತ್ತೆ ಆಗಿನ್ನೂ ಹುಟ್ಟಿಯೇ ಇರಲಿಲ್ಲ, ನಿಜ. ಆದರೆ ಮದುವೆಯಾದ ಮೇಲೆ ಅದನ್ನು ನಂಬುವುದು ಅವರಿಗೆ ಕಷ್ಟವಾಗಲಿಲ್ಲ.

ಮಾವ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರು. ನಾನು ಅವರ ಮನೆಯಲ್ಲೇ ಇದ್ದು ಓದುತ್ತಿದ್ದೆ. ಬೆಳಿಗ್ಗೆ ಎಂಟೂ ಹತ್ತಕ್ಕೆ ಅವರ ತಿಂಡಿ. ಉಪ್ಪಿಟ್ಟು ಇನ್ನೂ ಒಲೆಯ ಮೇಲಿದ್ದರೂ ಎಂಟೂ ಹತ್ತಕ್ಕೆ ಮಣೆಯ ಮೇಲೆ ಕುಳಿತು, ಖಾಲಿ ತಟ್ಟೆಯ ಮುಂದೆ ಹತ್ತು ನಿಮಿಷ ಕಳೆದು, ಕೈ ತೊಳೆದುಕೊಂಡು ಏಳುತ್ತಿದ್ದರು.

‘ರೀ, ಈಗ ಆಯ್ತು, ಕುಂತ್ಕಳ್ರಿ,’ ಎಂದು ಅತ್ತೆ ಸೌಟು ಹಿಡಿದು ಬರುವರು.

‘ತಿಂಡಿ ಮುಗೀತು ಕಣೇ.’

‘ಏನು ತಿಂದ್ರಿ?’

‘ಅದು ಅಡುಗೆಯವರ ತಪ್ಪು. ಟೈಮು ಮುಗೀತು.’

ಹೊಸದುರ್ಗದಲ್ಲಿ ನೆಂಟರ ಮದುವೆ. ಪುರೋಹಿತರು ಬರುವುದು ತಡವಾಗಿ, ತಾಳಿ ಕಟ್ಟುವಾಗ ಮುಹೂರ್ತ ಮೀರಿ ನಾಲ್ಕು ನಿಮಿಷವಾಗಿತ್ತಂತೆ. ಮಾವ ಎದ್ದು ನಿಂತು, ‘ಈ ಮದುವೆ ಆಗಲಿಲ್ಲ’ ಎಂದು ಹೇಳಿ, ಅಕ್ಷತೆಯನ್ನು ಪಕ್ಕದವರ ಕೈಗೆ ಕೊಟ್ಟು ಊಟ ಮಾಡದೆ ಬಸ್ ಹತ್ತಿದರು. ಅತ್ತೆ ಹತ್ತಲಿಲ್ಲ. ಗಂಡನ ಪಾಲಿನ ಹೋಳಿಗೆಯನ್ನೂ ತಿಂದು ಸಂಜೆಗೆ ಬಂದರು. ಆಗದ ಆ ಮದುವೆಗೆ ಈಗ ಮೂರು ಮಕ್ಕಳು!

ಸಮಯದ ವಿಷಯದಲ್ಲಿ ಮಾವನಿಗೆ ಮೂರು ಸಾಕ್ಷಿಗಳಿದ್ದವು. ಒಂದು, ಅವರ ಕೈಗಡಿಯಾರ. ಎರಡು, ಚಿತ್ರದುರ್ಗದ ಕಡೆಯಿಂದ ಬಂದು ಸಂಜೆ ನಾಲ್ಕೂ ಇಪ್ಪತ್ತಕ್ಕೆ ಸರಿಯಾಗಿ ನಮ್ಮ ಶಾಲೆಯ ಮುಂದೆ ಹಾರನ್ ಹೊಡೆಯುವ ಬಸ್ಸು. ಮೂರು, ಬಾವುಟದ ಕಂಬದ ನೆರಳು. ಅಂಗಳದಲ್ಲಿ ಸುಣ್ಣ ಬಳಿದ ತೆಂಗಿನಕಾಯಿ ಗಾತ್ರದ ಕಲ್ಲೊಂದಿತ್ತು. ನೆರಳಿನ ತುದಿ ಅದನ್ನು ಮುಟ್ಟಿದರೆ ನಾಲ್ಕೂವರೆ, ಶಾಲೆ ಬಿಡುವ ಹೊತ್ತು. ಸೂರ್ಯ ಜಾಗ ಬದಲಿಸುತ್ತಾನೆಂದು ಪ್ರತಿ ತಿಂಗಳ ಒಂದನೇ ತಾರೀಖು ಮಾವ ತಾವೇ ಆ ಕಲ್ಲನ್ನು ಸರಿಸಿ ಇಡುತ್ತಿದ್ದರು. ಬೇರೆಯವರು ಮುಟ್ಟಿದರೆ ಬೆತ್ತ! ಮೂರು ಸಾಕ್ಷಿಗಳಲ್ಲಿ ಎರಡು ಒಂದೇ ಮಾತು ಹೇಳಿದರೆ ಅದೇ ಸಮಯ, ಮೂರನೆಯದು ಸುಳ್ಳು. ಇದು ಅವರ ನ್ಯಾಯ.

ಈ ನ್ಯಾಯಕ್ಕೂ ಫುಟ್‌ಬಾಲಿಗೂ ಹೊಂದಲಿಲ್ಲ. ತಾಲ್ಲೂಕುಗಳ ನಡುವಿನ ಪಂದ್ಯಗಳು ವೇದಾವತಿ ದಡದ ಬಯಲಿನಲ್ಲಿ ನಾಲ್ಕಕ್ಕೆ ಶುರುವಾಗುತ್ತಿದ್ದವು. ಕಾಲು ಗಂಟೆ ಕಾಯುತ್ತಾರೆ. ಅಷ್ಟರಲ್ಲಿ ಬಾರದ ತಂಡ ಸೋತ ಹಾಗೆ. ನಮ್ಮ ಶಾಲೆ ಬಿಡುವುದು ನಾಲ್ಕೂವರೆಗೆ. ಆಟಗಾರರಿಗೂ ಅಷ್ಟೇ.

‘ದೊಡ್ಡ ಮ್ಯಾಚ್ ಇದ್ದಾಗ ಒಂದರ್ಧ ಗಂಟೆ ಬೇಗ ಬಿಡ್ರಿ ಸಾರ್,’ ಎಂದು ಡ್ರಿಲ್ ಮೇಷ್ಟ್ರು ಬಾಷಾ ಸಾಹೇಬರು ಹಿಂದಿನ ವರ್ಷವೇ ಬೇಡಿದ್ದರು.

‘ಮಾರಿಕಣಿವೆ ಅಣೆಕಟ್ಟೆಯ ತೂಬನ್ನ ಆಟಕ್ಕೋಸ್ಕರ ಬೇಗ ಎತ್ತುತ್ತಾರೇನ್ರಿ?’

‘ಇದು ನೀರಲ್ಲ ಸಾರ್, ಹುಡುಗ್ರು.’

‘ನೀರಾದ್ರೂ ಹೇಳಿದ ಕಡೆ ಹರಿಯುತ್ತೆ. ಇರಲಿ, ವಿಷಯ ಚೆನ್ನಾಗಿದೆ. ಚರ್ಚಾಸ್ಪರ್ಧೆ ಇಡೋಣ.’

ಇಟ್ಟರು. ‘ದೊಡ್ಡ ಪಂದ್ಯಗಳಿಗೆ ಶಾಲೆಯನ್ನು ಬೇಗ ಬಿಡಬೇಕೆ?’ ಹದಿನಾರು ಜನ ಮಾತಾಡಿದರು, ಹದಿನಾರು ಜನವೂ ಬಿಡಬೇಕೆಂದರು. ಮಾವ ಚಪ್ಪಾಳೆ ತಟ್ಟಿ, ಬಿಡಬೇಕೆಂಬ ಪಕ್ಷ ಗೆದ್ದಿತೆಂದು ಸಾರಿದರು. ಆಗ ಗಂಟೆ ನಾಲ್ಕೂ ಇಪ್ಪತ್ತೆಂಟು. ಸ್ಪರ್ಧೆ ಇಟ್ಟಿದ್ದು ಪಂದ್ಯದ ದಿನವೇ! ಅತ್ತ ಬಯಲಿನಲ್ಲಿ ನಮ್ಮ ತಂಡ ಬಾರದೆ ಸೋತು ಹದಿಮೂರು ನಿಮಿಷವಾಗಿತ್ತು.

ಈ ವರ್ಷ ನಾವು ಫೈನಲ್ ತಲುಪಿಬಿಟ್ಟಿದ್ದೆವು. ಹಿಂದಿನ ಪಂದ್ಯಗಳೆಲ್ಲ ಭಾನುವಾರ ಬಿದ್ದದ್ದರಿಂದ ಈ ಪವಾಡ. ಫೈನಲ್ ಮಾತ್ರ ಶುಕ್ರವಾರ, ಹೊಸದುರ್ಗದವರ ಮೇಲೆ. ನಮ್ಮ ಗೋಲ್‌ಕೀಪರು ಐಮಂಗಲದ ಕ್ಯಾತಣ್ಣ, ಕುರಿ ಕಾಯುವ ಮನೆಯವನು. ತಪ್ಪಿಸಿಕೊಳ್ಳುವ ಮರಿಗೆ ಅಡ್ಡ ಬಿದ್ದು ಹಿಡಿಯುವುದು ಅವನಿಗೆ ನಡೆಯಲು ಬಂದಾಗಿನಿಂದ ಅಭ್ಯಾಸ. ಚೆಂಡು ಯಾವ ಲೆಕ್ಕ? ನಾನು ಅವನ ಮುಂದೆ ನಿಲ್ಲುವ ಆಟಗಾರ. ನನ್ನ ಆಟದ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು.

ಗುರುವಾರ ಸಂಜೆ ಕ್ಯಾತಣ್ಣ ಮಾವನ ಮನೆಗೇ ಬಂದ. ಜಗಲಿಯ ಮೇಲೆ ಕುಳಿತಿದ್ದ ಮಾವ ಪೇಪರಿನಿಂದ ತಲೆ ಎತ್ತಲಿಲ್ಲ.

‘ಏನಪ್ಪ?’

‘ನಾಳೆ ಒಂದಿನ ಸಾರ್. ಪರೀಕ್ಷೆ ಮುಗುದ್ ಮ್ಯಾಕೆ ನಮ್ಮಪ್ಪ ಕುರಿ ಹೊಡ್ಕಂಡು ಹೋಗಾಣ ಅಂದೈತೆ. ಆಮ್ಯಾಕೆ ನಂಗೆ ಆಟ ಇಲ್ಲ. ಹೋದ್ ವರ್ಷ ಆಡಿ ಸೋತಿದ್ರೆ ಅತ್ತು ಸುಮ್ನಾಗ್ತಿದ್ದೆ. ಆಡ್ದಲೇ ಸೋತ್ವಿ ಸಾರ್. ಅಳಾಕೂ ಏನೂ ಇರ್ಲಿಲ್ಲ.’

ಮಾವ ಹಾಳೆ ತಿರುವಿದರು. ‘ಬೆಲ್ಲು ನಾಲ್ಕೂವರೆಗೆ.’

ಒಳಗಿನಿಂದ ಅತ್ತೆ ಕೂಗಿದರು: ‘ಆ ಕಲ್ಲಿಗಾದ್ರೂ ಕರುಣೆ ಇರುತ್ತೆ ಬಿಡ್ರಿ!’

ಹೀಗೆ ನಾವು ಪಿತೂರಿಗೆ ಇಳಿದೆವು. ಬಾಷಾ ಮೇಷ್ಟ್ರು ಬಸ್ಸಿನ ಡ್ರೈವರನ್ನು ಹಿಡಿದರು. ಆ ಬಸ್ಸು ದಿನವೂ ಐಮಂಗಲದಲ್ಲಿ ಅರ್ಧ ಗಂಟೆ ನಿಲ್ಲುತ್ತಿತ್ತು, ಡ್ರೈವರು ಬೋಂಡ ತಿಂದು ಟೀ ಕುಡಿಯಲೆಂದು. ನಾಳೆ ನಿಲ್ಲದೆ ಬಂದರೆ ಹಾರನ್ ಮೂರೂ ಐವತ್ತಕ್ಕೇ! ಅಂಗಳದಲ್ಲಿ ಓಡಾಡುವ ಮಾವ ಗಡಿಯಾರವನ್ನು ನಾಲ್ಕೂ ಇಪ್ಪತ್ತಕ್ಕೆ ತಿರುಗಿಸುತ್ತಾರೆ, ಹತ್ತು ನಿಮಿಷಕ್ಕೆ ಬೆಲ್ಲು, ಓಡಿದರೆ ನಾಲ್ಕೂ ಹತ್ತಕ್ಕೆ ಬಯಲು.

ಡ್ರೈವರು ಬಹಳ ಹೊತ್ತು ಯೋಚಿಸಿದನಂತೆ. ‘ಬೋಂಡ ಬಿಡು ಅಂತೀರಲ್ಲ ಸಾಬ್ರೆ. ಹೋಗ್ಲಿ, ಗೆದ್ದು ಬರ್ರಿ.’

ಶುಕ್ರವಾರ ಮೂರೂ ಐವತ್ತಕ್ಕೆ ಹಾರನ್ ಕೇಳಿತು. ಮಾವನ ಮೇಲೆ ಕಣ್ಣಿಡುವ ಕೆಲಸ ನನ್ನದಾಗಿತ್ತು. ನೀರು ಕುಡಿಯುವ ನೆಪದಲ್ಲಿ ತೊಟ್ಟಿಯ ಪಕ್ಕ ನಿಂತೆ. ಬಾಷಾ ಮೇಷ್ಟ್ರು ಹುಣಸೆಮರಕ್ಕೆ ನೇತುಹಾಕಿದ ರೈಲುಕಂಬಿಯ ಬೆಲ್ಲಿನ ಹತ್ತಿರ. ಕ್ಯಾತಣ್ಣ ತರಗತಿಯ ಕಿಟಕಿಯಲ್ಲಿ. ಮಾವ ಅಂಗಳದ ನಡುವೆ ನಿಂತು ಬಸ್ಸನ್ನು ನೋಡಿದರು, ಗಡಿಯಾರವನ್ನು ನೋಡಿದರು. ಆಮೇಲೆ ಸಾವಕಾಶವಾಗಿ ಬಾವುಟದ ಕಂಬದ ಕಡೆ ತಿರುಗಿದರು.

ನನ್ನ ಬಾಯಲ್ಲಿದ್ದ ನೀರು ಬಾಯಲ್ಲೇ ಉಳಿಯಿತು. ಬಸ್ಸನ್ನು ಹಿಡಿದಿದ್ದೆವು, ಗಡಿಯಾರ ಬಸ್ಸಿನ ಮಾತು ಕೇಳುತ್ತದೆಂದು ನಂಬಿದ್ದೆವು, ಸೂರ್ಯನನ್ನು ಮರೆತೇಬಿಟ್ಟಿದ್ದೆವು! ನೆರಳಿನ ತುದಿಗೂ ಕಲ್ಲಿಗೂ ನಡುವೆ ಇಬ್ಬರು ಹುಡುಗರು ಉದ್ದಕ್ಕೆ ಮಲಗುವಷ್ಟು ಜಾಗ. ಗಡಿಯಾರ, ನೆರಳು ಎರಡೂ ಒಂದು ಮಾತು, ಬಸ್ಸು ಸುಳ್ಳು. ಕೆಲಸ ಕೆಟ್ಟಿತು.

ಮಾವ ಕಲ್ಲಿನ ಹತ್ತಿರ ಹೋದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ತೊಟ್ಟಿಯ ಮರೆಯಲ್ಲಿದ್ದ ನಾನಾಗಲಿ, ಮರದ ಮರೆಯಲ್ಲಿದ್ದ ಬಾಷಾ ಮೇಷ್ಟ್ರಾಗಲಿ, ಕಿಟಕಿಯ ಕ್ಯಾತಣ್ಣನಾಗಲಿ ಅವರಿಗೆ ಕಾಣಲಿಲ್ಲ. ಬಲಗಾಲಿನ ಚಪ್ಪಲಿಯ ತುದಿಯಿಂದ ಕಲ್ಲನ್ನು ಮೆಲ್ಲನೆ ತಳ್ಳಿದರು. ಮತ್ತೆ ತಳ್ಳಿದರು. ಒಂಬತ್ತು ಸಲ. ನೆರಳಿಗೆ ಇನ್ನೂ ಎರಡು ಗೇಣು ಇರುವಾಗ ನಿಲ್ಲಿಸಿದರು. ಬಸ್ಸಿನ ಪ್ರಕಾರ ಬೆಲ್ಲಿಗೆ ಇನ್ನೂ ಕೆಲವು ನಿಮಿಷವಿತ್ತಲ್ಲ! ಸುಳ್ಳನ್ನೂ ಅಳತೆ ತಪ್ಪದಂತೆ ಇಟ್ಟರು ನಮ್ಮ ಮಾವ. ಆಮೇಲೆ ಗಡಿಯಾರದ ಕೀಲಿ ತಿರುಗಿಸುತ್ತಾ, ಯಾರೂ ಕೇಳದಿದ್ದರೂ ಗಟ್ಟಿಯಾಗಿ, ‘ಈ ಗಡಿಯಾರ ಚಳಿಗೆ ನಿಧಾನವಾಗಿದೆ’ ಎಂದರು.

ಬೆಲ್ಲಾಯಿತು. ಇಡೀ ಶಾಲೆ, ಜವಾನನೂ ಸೇರಿ, ಬಯಲಿಗೆ ಓಡಿತು. ಮಾವ ಒಬ್ಬರೇ ಉಳಿದರು. ನಾಲ್ಕೂ ಹನ್ನೊಂದಕ್ಕೆ ನಾವು ಮೈದಾನದಲ್ಲಿದ್ದೆವು. ಕ್ಯಾತಣ್ಣ ಎಡಕ್ಕೆ ಬಿದ್ದ, ಬಲಕ್ಕೆ ಬಿದ್ದ. ಒಂದು ಚೆಂಡೂ ದಾಟಲಿಲ್ಲ. ಆಗ ದೂರದಿಂದ ಸದ್ದು ಬಂತು. ರೈಲುಕಂಬಿಯ ಮೇಲೆ ಉದ್ದದ ಬೆಲ್ಲು! ಖಾಲಿ ಶಾಲೆಗೆ ನಿಜವಾದ ನಾಲ್ಕೂವರೆಯ ಬೆಲ್ಲನ್ನು ಮಾವ ತಾವೇ ಹೊಡೆಯುತ್ತಿದ್ದರು. ನಾನು ತಿರುಗಿ ನೋಡಿದೆ, ಕ್ಯಾತಣ್ಣನೂ ನೋಡಿದ. ಚೆಂಡು ನನ್ನ ಮೊಣಕಾಲಿಗೆ ತಗುಲಿ ನಮ್ಮದೇ ಗೋಲಿನೊಳಗೆ ಹೋಯಿತು.

‘ಲೇ, ಮ್ವಣಕಾಲಿಗೂ ಸ್ಕೂಲ್ ಬಿಡ್ತೇನೋ?’ ಎಂದ ಕ್ಯಾತಣ್ಣ.

ಅದೊಂದೇ ಗೋಲು. ಸೋತೆವು. ಆದರೆ ಆಡಿ ಸೋತೆವು; ಕ್ಯಾತಣ್ಣ ವೇದಾವತಿಯ ಮರಳಿನ ಮೇಲೆ ಕುಳಿತು ಮನಸ್ಸಿಗೆ ತೃಪ್ತಿಯಾಗುವಷ್ಟು ಅತ್ತ.

ಮನೆಯಲ್ಲಿ ಮಾವ ಕಾಫಿ ಕುಡಿಯುತ್ತಿದ್ದರು. ಯಾರು ಗೆದ್ದರೆಂದು ಕೇಳಲಿಲ್ಲ. ‘ಗೋಲು ಎಷ್ಟು ಗಂಟೆಗೆ ಆಯ್ತು?’ ಎಂದರು.

‘ಸರಿಯಾಗಿ ನಾಲ್ಕೂವರೆಗೆ ಮಾವ,’ ಎಂದುಬಿಟ್ಟೆ. ಅವರಿಗೆ ಸರಿಯಾದ ಸಮಯ ಹೇಳಿ ರೂಢಿ.

ಅವರು ಲೋಟ ಕೆಳಗಿಟ್ಟರು. ಮತ್ತೆ ಎತ್ತಿಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಶಾಲೆಗೆ ಹೋದೆ. ಕಲ್ಲು ತನ್ನ ಜಾಗದಲ್ಲಿತ್ತು. ತಳ್ಳಿದ ಗೀರನ್ನು ಯಾರೋ ಕಾಲಿನಿಂದ ಒರೆಸಿದ್ದರು. ಹಾಜರಿ ಪುಸ್ತಕದಲ್ಲಿ ಹೆಡ್‌ಮಾಸ್ತರು ತಮ್ಮ ಹೆಸರಿನ ಮುಂದೆ ಶುಕ್ರವಾರಕ್ಕೆ ಅರ್ಧ ದಿನದ ರಜೆ ಬರೆದುಕೊಂಡದ್ದನ್ನು ಬಾಷಾ ಮೇಷ್ಟ್ರು ನನಗೆ ತೋರಿಸಿದರು. ಪ್ರಾರ್ಥನೆಯಾದ ಮೇಲೆ ಮಾವ ಕ್ಯಾತಣ್ಣನನ್ನು ಕಂಬದ ಹತ್ತಿರ ಕರೆದರು. ನಾನು ಮೂರು ಹೆಜ್ಜೆ ಹಿಂದೆ ಇದ್ದೆ.

‘ನಿನ್ನೆ ಆಟದ ಮಧ್ಯೆ... ಬೆಲ್ಲು ಏನಾದರೂ ಅಲ್ಲಿಗೆ ಕೇಳಿಸ್ತೇನಪ್ಪ?’

ಆ ಬೆಲ್ಲು ಎರಡು ಮೈಲಿಗೆ ಕೇಳಿಸುತ್ತದೆ. ಅದು ಮಾವನಿಗೂ ಗೊತ್ತು. ಕ್ಯಾತಣ್ಣ ಕಲ್ಲನ್ನು ನೋಡಿದ, ಮಾವನ ಚಪ್ಪಲಿಯನ್ನು ನೋಡಿದ.

‘ಇಲ್ಲ ಸಾರ್. ಗಾಳಿ ಆ ಕಡೀಕಿತ್ತು.’

ಮಾವ ಒಂದು ಹೆಜ್ಜೆ ಹತ್ತಿರ ಬಂದರು. ‘ಹೌದಾ? ಗಾಳಿ ಆ ಕಡೆ ಇತ್ತಾ?’ ಎಂದು ಅವನ ಭುಜದ ಮೇಲೆ ಕೈ ಇಟ್ಟರು. ಮೊದಲ ಪೀರಿಯಡ್ಡಿನ ಬೆಲ್ಲು ಹೊಡೆಯಿತು. ಕೈ ತೆಗೆಯಲಿಲ್ಲ. ಮೊದಲ ಪೀರಿಯಡ್ಡು ಅವರದೇ, ನಮಗೇ. ಅಂದು ಪಾಠ ನಾಲ್ಕು ನಿಮಿಷ ತಡವಾಗಿ ಶುರುವಾಯಿತು.

ಮಾವನನ್ನು ಬಿಟ್ಟರೆ ಕಲ್ಲು ಸರಿದದ್ದನ್ನು ಕಂಡವರು ಮೂವರು. ಬಾಷಾ ಮೇಷ್ಟ್ರು ಈಗ ಇಲ್ಲ. ಮಾವ ಅವರಿಗಿಂತ ಮುಂಚೆಯೇ ಹೋದರು. ಬದುಕಿರುವವರು ನಾನು ಮತ್ತು ಐಮಂಗಲದ ಕ್ಯಾತಣ್ಣ. ಅನುಮಾನವಿದ್ದವರು ಅವನನ್ನು ಕೇಳಬಹುದು. ಕಲ್ಲಿನ ವಿಷಯ ನಾನು ಹೇಳಿದಂತೆಯೇ ಹೇಳುತ್ತಾನೆ. ಬೆಲ್ಲು ಮಾತ್ರ ಕೇಳಿಸಲಿಲ್ಲ ಎಂದೇ ಇವತ್ತಿಗೂ ಹೇಳುತ್ತಾನೆ.