ಮಣ್ಣಿನ ಗುಮ್ಮಟ, ತವರಮನಿ ಹಂಡೆ

ಮನಿ ಕಟ್ಟಿದವರು ಎಲ್ಲಾರೂ ಮೇಸ್ತ್ರಿ ಕೈಕೊಟ್ಟ, ಸಿಮೆಂಟ್ ತುಟ್ಟಿ ಆತು ಅಂತ ಗೋಳಾಡ್ತಾರ. ನಮ್ಮ ಕಥಿ ಬ್ಯಾರೆ. ನಮ್ಮ ಮನಿ ನೋಡಿ ಗಾಬರಿ ಆಗದವರು ಒಬ್ಬರೂ ಇಲ್ಲ. ಕಟ್ಟಿದ ನಾನ ಎಷ್ಟೋ ಸಲ ಗಾಬರಿ ಆಗೀನಿ.

ಸಿಕಂದರಾಬಾದಿನಾಗ ಸರ್ಕಾರಿ ಕಾರ್ಖಾನಿ ನೌಕರಿ, ಇರಾಕ ಕ್ವಾರ್ಟರ್ಸು. ರಿಟೈರ್ ಆಗೂದು ಹತ್ರ ಬಂತು, ಕ್ವಾರ್ಟರ್ಸ್ ಬಿಡಬೇಕು. ನಾಚಾರಂ ಆಚೆ ಸಣ್ಣದೊಂದು ಪ್ಲಾಟ್ ಇತ್ತು. ಅಲ್ಲಿ ನಾವಿಬ್ಬರೂ ಗಂಡ ಹೆಣತಿ ಕೂಡಿ, ಕೈಯಾರೆ, ಅಗ್ಗದಾಗ ಮಣ್ಣಿನ ಗುಮ್ಮಟದ ಮನಿ ಕಟ್ಟೂದು ಅಂತ ನಿರ್ಧಾರ ಆತು. ನಿರ್ಧಾರ ಮಾಡಿದಾಂವ ನಾನು. ನಮ್ಮಾಕಿ ಒಂದ ಮಾತು ಹೇಳಿದ್ಲು: "ಕಟ್ರಿ. ಚೊಲೋ ಆಗ್ಲಿಲ್ಲಂದ್ರ ನಾ ಮಿಯಾಪುರಕ್ಕ ತಂಗಿ ಫ್ಲ್ಯಾಟಿಗೆ ಹೋಗಾಕಿ. ನೀವೊಬ್ಬರ ಇರ್ರಿ."

ಜಂಗ್ ಯಾವಾಗ?

ಈ ಮನೀಗೆ ಇಟ್ಟಂಗಿ ಇಲ್ಲ, ಕಂಬ ಇಲ್ಲ. ಖಾಲಿ ಚೀಲದಾಗ ಹಸಿ ಮಣ್ಣು ತುಂಬಿ, ದುಂಡಗ ಸುತ್ತು ಇಟ್ಟು, ನಡುವ ಮುಳ್ಳುತಂತಿ ಹಾಸಿ ಬಡೀಬೇಕು. ಪ್ರತಿ ಸುತ್ತೂ ಒಂದೀಟು ಒಳಗ ಸರೀತ, ಮ್ಯಾಲ ಹೋಗಿ ಕೂಡತೈತಿ.

ಮಣ್ಣು ಹಸಿ ಮಾಡಾಕ ನೀರು ಬೇಕಲ್ಲ? ಟ್ಯಾಂಕರ್ ಬಂದಾಗ ಹಿಡಿದಿಡಾಕ ನಮ್ಮಾಕಿ ತನ್ನ ತವರಮನಿ ತಾಮ್ರದ ಹಂಡೆ ತರಿಸಿದ್ಲು. ಅದೇನು ಸಾಮಾನ್ಯ ಹಂಡೆ ಅಲ್ರಿ, ಎರಡೂ ಕೈಲೆ ತಬ್ಬಿದ್ರೂ ಸಿಗೂದಿಲ್ಲ. "ಹೊರಗಿಟ್ರ ಕಳ್ಳರು ಒಯ್ತಾರ, ಒಳಗಿಡ್ರಿ" ಅಂದ್ಲು. ಗ್ವಾಡಿ ಆಗ ಮೊಣಕಾಲಮಟ. ದಾಟಿಸಿ ಒಳಗಿಟ್ವಿ.

ಬಾಜೂ ಪ್ಲಾಟಿನ ಸಾಹೇಬ್ರು ಸ್ಕೂಟರ್ ನಿಲ್ಲಿಸಿದ್ರು. ದುಂಡಗ ಮಣ್ಣಿನ ಚೀಲ, ಮುಳ್ಳುತಂತಿ, ನಡುವ ಹಂಡೆ ತುಂಬ ನೀರು. ಮಾರಿ ಬೆಳ್ಳಗಾತು.

"ಕ್ಯಾ ಸಾಬ್, ಜಂಗ್ ಹೋನೇವಾಲೀ ಹೈ ಕ್ಯಾ?"

"ಯುದ್ಧ ಗಿದ್ಧ ಏನಿಲ್ರಿ, ಮನಿ ಕಟ್ಟಾಕತ್ತೀನಿ" ಅಂತ ಹಿಂದಿಯೊಳಗ ಎಷ್ಟು ಹೇಳಿದ್ರೂ ನಂಬಲಿಲ್ಲ. ಸಂಜೀಕ ನೋಡ್ತೀನಿ, ಅವರ ಮನಿ ಮುಂದ ಅಕ್ಕಿ ಚೀಲ ಇಳಿಸಾಕತ್ತಾರ. ಮುಂದಿನ ವಾರ ನನ್ನ ಅಡ್ಡಗಟ್ಟಿ ಸಿಟ್ಟಿಲೆ ಕೇಳಿದ್ರು: "ಅಕ್ಕಿಗೆ ಹುಳ ಬೀಳಾಕತ್ತಾವು, ನಿಮ್ಮ ಜಂಗ್ ಯಾವಾಗ?"

ಈಶಾನ್ಯ ಕಳೆದೈತಿ

ಗ್ವಾಡಿ ಎದಿಮಟ ಬಂದಾಗ ನಮ್ಮಾಕಿಗೆ ವಾಸ್ತು ನೆನಪಾತು. ಕ್ವಾರ್ಟರ್ಸಿನ ಕಡೆ ವಾಸ್ತು ಹೇಳೂ ಆಚಾರ್ರು ಒಬ್ಬರಿದ್ರು, ಅವರನ್ನ ಕರ್ಕೊಂಡು ಬಂದ್ಲು.

ಆಚಾರ್ರು ಒಳಗ ಬಂದು ಈಶಾನ್ಯ ಮೂಲಿ ಹುಡುಕಾಕ ಗ್ವಾಡಿ ಹಿಡಿದು ನಡದ್ರು. ನಡದ್ರು, ನಡದ್ರು, ಹೊಂಟಲ್ಲಿಗೇ ಬಂದು ನಿಂತ್ರು. ಮತ್ತೊಂದು ಸುತ್ತು ಹಾಕಿದ್ರು. ಕಣ್ಣು ತಿರುಗಿ ಹಂಡೆ ಹಿಡಕೊಂಡು ಕುಂತುಬಿಟ್ರು.

"ಇದೇನ್ರೀ ಅನ್ಯಾಯ! ಮೂಲೀನ ಇಲ್ಲಲ್ರೀ ಮನೀಗೆ!"

ನಾ ಅಂಜಿಕೋತ ಕೇಳಿದೆ: "ದೋಷ ಏನರೆ ಐತೇನ್ರಿ?"

ಆಚಾರ್ರು ಮಾರಿ ಒರಸ್ಕೊಂಡ್ರು. "ಕುಂದ್ರಾಕ ಮೂಲೀನ ಇಲ್ಲಂದ್ರ ದೋಷರೆ ಎಲ್ಲಿ ಕುಂದ್ರಬೇಕ್ರಿ? ಎಲ್ಲಾರೂ ಹಿಂಗ ಕಟ್ಟಿದ್ರ ನನ್ನ ಹೊಟ್ಟಿ ಪಾಡೇನು? ದಯಮಾಡಿ ಯಾರಿಗೂ ಹೇಳಬ್ಯಾಡ್ರಿ."

ಒಳಗ ಮಲಗಿದ ಬಾಬಾ

ಅಂತೂ ಗುಮ್ಮಟ ಮ್ಯಾಲ ಕೂಡತು. ಒಳಗ ನಮ್ಮಾಕಿ ನನ್ನ ಬೈಕೋತ ಬೈಕೋತ ಕೈಲೆ ಮಣ್ಣು ಬಳದ್ಲು. ಹೊರಗ ನಾ ಸುಣ್ಣ ಹಚ್ಚಿದೆ. ಅಲ್ಲೇ ನಾ ತಪ್ಪಿದ್ದು ನೋಡ್ರಿ. ಬೆಳ್ಳಗ, ದುಂಡಗ, ದಾರಿ ಬದಿಗೆ!

ಮಧ್ಯಾಹ್ನ ಬಿಸಲು ಭಾಳ ಇತ್ತು. ಒಳಗ ತಂಪೈತಿ ಅಂತ ನೆಲದ ಮ್ಯಾಲ ಅಡ್ಡಾದೆ, ನಿದ್ದಿ ಹತ್ತಿತು. ಊದಿನಕಡ್ಡಿ ವಾಸನಿಗೆ ಎಚ್ಚರಾತು. ಬಾಗಲದಾಗ ಮುದುಕಪ್ಪ ಒಬ್ಬಾಂವ ಚಪ್ಪಲ್ ಬಿಟ್ಟು, ಕಣ್ಮುಚ್ಚಿ, ದರ್ಗಾದ ಮುಂದ ನಿಂತಂಗ ಕೈ ಎತ್ತಿ ಬೇಡಾಕತ್ತಾನ: "ಬಾಬಾ, ಬೇಗಂ ಸಿಟ್ಟಾಗಿ ತಂಗಿ ಮನಿಗೆ ಹೋಗ್ಯಾಳ. ಹೆಂಗರೆ ಮಾಡಿ ವಾಪಸ್ ಕಳಸು ಬಾಬಾ!"

ನಾ ನಿದ್ದಿಗಣ್ಣಾಗ ಎದ್ದು ಕುಂತು, "ಕೌನ್ ಹೈ? ಅಂದರ್ ಆವೋ" ಅಂತ ಒಳಗ ಕರದೆ.

ಅಷ್ಟ! "ಯಾ ಅಲ್ಲಾ!" ಅಂತ ಚೀರಿ, ಆ ವಯಸ್ಸಿನಾಗ ಎಂಥಾ ಓಟ ಅಂತೀರಿ! ಬಿಟ್ಟ ಚಪ್ಪಲ್ ಅಲ್ಲೇ ಉಳೀತು.

ಆಗ ಬುತ್ತಿ ತಗೊಂಡು ನಮ್ಮಾಕಿ ಬಂದ್ಲು. ಬಾಗಲದಾಗ ಊದಿನಕಡ್ಡಿ, ಒಳಗ ನಾನು. ಎದಿ ಮ್ಯಾಲ ಕೈ ಇಟ್ಕೊಂಡು ನಿಂತ್ಲು.

"ಜೀವ ಇರೂತನಕ ನಾ ಗೋರಿಯೊಳಗ ಕಾಲಿಡಾಕಿ ಅಲ್ಲ. ನಾಳಿಗೇ ಮಿಯಾಪುರ."

ಬುತ್ತಿ ಬಿಚ್ಚದ ಹಂಗ ಇಟ್ಟೆ. ಇಷ್ಟು ವರ್ಷ ಕೂಡಿ ಬಾಳಿದಾಕಿ. ಅಕಿ ಇಲ್ಲದ ಮನಿ ತಗೊಂಡು ಏನು ಮಾಡ್ಲಿ?

ಹಂಡೆ

ಮರುದಿನ ನನ್ನ ಷಡ್ಡಕ, ಅಂದ್ರ ಅಕಿ ತಂಗಿ ಗಂಡ, ಟ್ರಾಲಿ ಆಟೋ ತಗೊಂಡು ಬಂದ. ಅಕಿ ಹಟ ಒಂದ: "ತವರಮನಿ ಹಂಡೆ ಬಿಟ್ಟು ನಾ ಹೋಗಾಕಿ ಅಲ್ಲ, ಅದನ್ನ ಮೊದಲ ಹೊರಗ ತರ್ರಿ."

ಷಡ್ಡಕ, ನಾನು, ಆಟೋದಾಂವ ಕೂಡಿ ಹಂಡೆ ಉರುಳಿಸಿ ಬಾಗಲಕ್ಕ ತಂದ್ವಿ. ಧಡ್! ನಿಂತ್ಬಿಡ್ತು. ಉದ್ದುದ್ದ ನೂಕಿದ್ವಿ, ಅಡ್ಡ ನೂಕಿದ್ವಿ. ದುಂಡನ್ನ ಹಂಡೀಗೆ ಉದ್ದ ಯಾವುದು, ಅಡ್ಡ ಯಾವುದು? ಗುಮ್ಮಟ ಗಟ್ಟಿ ಇರ್ಲಿ ಅಂತ ನಾ ಬಾಗಲ ಸಣ್ಣದ ಇಟ್ಟಿದ್ದೆ. ಹಂಡೆ ಸುತ್ತ ಮನಿ ಕಟ್ಟೀವಿ ಅನ್ನೂದು ಆಗ ಹೊಳೀತು.

"ಏನು ಮಹಾ, ಗ್ವಾಡಿ ಒಡದ್ರಾತು" ಅಂತ ಷಡ್ಡಕ ಕಬ್ಬಿಣದ ಹಾರಿ ಎತ್ತಿದ.

"ಕೆಳಗಿಡ್ರಿ ಅದನ್ನ!"

ನಾನಲ್ರಿ ಚೀರಿದ್ದು, ನಮ್ಮಾಕಿ! ಎಲ್ಲಾರೂ ದಂಗಾದ್ವಿ. ಗೋರಿಯೊಳಗ ಕಾಲಿಡಾಕಿ ಅಲ್ಲ ಅಂದಾಕಿ ದಡದಡ ಒಳಗ ಬಂದು ಗ್ವಾಡಿಗೆ ಬೆನ್ನು ಕೊಟ್ಟು ನಿಂತ್ಲು.

"ಕೈ ಬೊಬ್ಬಿ ಬರೂತನಕ ನಾ ಬಳದ ಗ್ವಾಡಿ ಇದು. ಮುಟ್ಟಿದ್ರ ನೋಡ್ರಿ! ಹಂಡೆ ಹೊರಗ ಬರೂದಿಲ್ಲಾಂದ್ರ ನಾನೂ ಬರೂದಿಲ್ಲ. ಆಟೋ ಕ್ವಾರ್ಟರ್ಸಿಗೆ ಒಯ್ದು ಉಳಿದ ಸಾಮಾನು ತರ್ರಿ."

ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ. ಅಷ್ಟರಾಗ ಹೊರಗ ಯಾರೋ ಕೆಮ್ಮಿದ್ರು. ನಿನ್ನಿ ಮುದುಕಪ್ಪ! ಕೈಯಾಗ ಮಿಠಾಯಿ ಡಬ್ಬಿ, ಕಣ್ಣಾಗ ನೀರು.

"ಬಾಬಾನ ದಯಾ! ನಿನ್ನಿ ಕರದು ಮಾತಾಡಿಸಿದ್ರು. ಇವತ್ತು ಬೇಗಂ ವಾಪಸ್ ಬಂದ್ಲು!"

ನಮ್ಮಾಕಿ ಸೊಂಟದ ಮ್ಯಾಲ ಕೈ ಇಟ್ಕೊಂಡು ಬಾಗಲಕ್ಕ ಬಂದ್ಲು. "ಇಲ್ಲಿ ಯಾವ ಬಾಬಾನೂ ಇಲ್ಲ. ನನ್ನ ಹಂಡೆ ಐತಿ, ಅಷ್ಟ."

ಮುದುಕಪ್ಪ ಬಗ್ಗಿ ಹಂಡೆ ನೋಡಿದ, ಅದಕ್ಕೇ ಒಂದು ಸಲಾಂ ಹೊಡದ, ಚಪ್ಪಲ್ ಹಾಕ್ಕೊಂಡು ಹೋದ.

ಸಂಜೀಕ ನಮ್ಮಾಕಿ ಒಲಿ ಹಚ್ಚಿ ಹಾಲು ಉಕ್ಕಿಸಾಕತ್ತಿದ್ಲು. ಅಕಿ ಆ ಕಡೆ ತಿರುಗಿದ್ದು ನೋಡಿ, ಹಂಡೀಗೆ ನಾನೂ ಒಂದು ಊದಿನಕಡ್ಡಿ ಹಚ್ಚಿದೆ.