ತೂಕದಣ್ಣನ ಬೆನ್ನಿಗೊಂದು ಸೂಜಿ

ಫೋನಿನಲ್ಲಿ ನರ್ಸ್ ತೂಕ ಕೇಳಿದಾಗ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಬೆಳಗಿನ ವಾಕಿಂಗಿನಿಂದ ಕರಗಿ ಹೋಗಿದ್ದೇನೆ ಎಂದು ಅವಳನ್ನು ನಂಬಿಸಿದ್ದ ತೂಕದಣ್ಣ, ಬೇರೆ ದಾರಿಯಿಲ್ಲದೆ ಎಂಬತ್ತೈದು ಅಂದುಬಿಟ್ಟ. ವೇಬ್ರಿಡ್ಜಿನಲ್ಲಿ ಹನ್ನೊಂದು ವರ್ಷದಿಂದ ಲಾರಿಗಳನ್ನು ತೂಗಿ ಚೀಟಿ ಕೊಡುವ ಮನುಷ್ಯ, ತನ್ನ ಲೆಕ್ಕದಲ್ಲಿ ಮಾತ್ರ ಮೂವತ್ತು ಕಿಲೋ ನುಂಗಿಹಾಕಿದ್ದ.

ಸೊಂಟದಿಂದ ಹಿಮ್ಮಡಿಯವರೆಗೆ ಎಳೆಯುವ ನೋವಿನಿಂದ ಅವನು ಎರಡು ತಿಂಗಳಿಂದ ನೆಟ್ಟಗೆ ಕೂತಿರಲಿಲ್ಲ. ಬೆನ್ನುಮೂಳೆಗೆ ಇಂಜೆಕ್ಷನ್ ಕೊಡುವ ಡಾಕ್ಟರು ಬರುವುದು ತಿಂಗಳಿಗೊಂದೇ ದಿನ, ಅದೂ ಸಂಜೆ ನಾಲ್ಕರವರೆಗೆ. ಇವತ್ತು ತಪ್ಪಿದರೆ ಇನ್ನೊಂದು ತಿಂಗಳು ನಿಂತೇ ಊಟ, ನಿಂತೇ ಕೆಲಸ.

ಆಸ್ಪತ್ರೆಗೆ ಸ್ಕೂಟರಿನಲ್ಲಿ ಕರೆತಂದ ಎದುರುಮನೆ ಬಡಗಿ ಸುಮ್ಮನೆ ಕೂರುವ ಆಸಾಮಿಯಲ್ಲ. ಕಾಯುವ ಜಾಗದಲ್ಲಿ ಅವರಿವರನ್ನು ವಿಚಾರಿಸಿಕೊಂಡು ಬಂದು, ತೂಕ ನೋಡಿಯೇ ಸೂಜಿಯ ಉದ್ದ ತೀರ್ಮಾನಿಸುತ್ತಾರಂತೆ ಎಂದು ಸುದ್ದಿ ಕೊಟ್ಟ. ತೂಕದಣ್ಣ ಪಿಸುಮಾತಿನಲ್ಲಿ ನಿಜ ಹೇಳಿಕೊಂಡ.

"ಅಣ್ಣಾ, ದಪ್ಪ ಹಲಗೆಗೆ ಗಿಡ್ಡ ಮೊಳೆ ಹೊಡೆದ್ರೆ ಹಿಡಿಯುತ್ತಾ?" ಎಂದ ಬಡಗಿ. "ಮುಟ್ಟಲಿಲ್ಲ ಅಂತ ಕಿತ್ತು ಕಿತ್ತು ಚುಚ್ತಾರೆ ಅಷ್ಟೆ."

ತೂಕದಣ್ಣನಿಗೆ ಬೆವರು ಕಿತ್ತುಕೊಂಡು ಬಂತು. ಆದರೂ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಎದೆ ಸೆಟೆಸಿಕೊಂಡು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನರ್ಸಿನ ಮೇಜಿಗೆ ಹೋಗಿ, ತನ್ನ ನಿಜವಾದ ತೂಕ ನೂರಾ ಹದಿನೈದು ಎಂದು ಘೋಷಿಸಿದ. ಸತ್ಯ ಹೇಳಿದ ಹಗುರಕ್ಕೆ ಅರ್ಧ ನೋವು ಅಲ್ಲೇ ಇಳಿದಂತಾಯಿತು.

ನರ್ಸ್ ತಲೆಗೆ ಕೈ ಹಚ್ಚಿದಳು. "ಏನ್ ಸರ್ ನೀವು. ಫೋನಲ್ಲಿ ಯಾರೂ ನಿಜ ಹೇಳಲ್ಲ ಅಂತ ನಾವೇ ಮೂವತ್ತು ಸೇರಿಸ್ಕೊಳ್ತೀವಿ. ನಿಮಗೂ ನೂರಾ ಹದಿನೈದು ಅಂತಲೇ ಬರೆದು ಉದ್ದದ ಸೂಜಿ ತೆಗೆದಿಟ್ಟಿದ್ದೆ. ಈಗ ನೀವೇ ನೂರಾ ಹದಿನೈದು ಅಂದ್ರೆ, ಇನ್ನೆಷ್ಟಿದೆಯೋ ಏನೋ."

ಇಂಜೆಕ್ಷನ್ ಕೊಡಲು ಮಲಗಿಸುವ ಎಕ್ಸ್-ರೇ ಮೇಜು ತಡೆಯುವುದು ನೂರಾ ಮೂವತ್ತು ಕಿಲೋ ಮಾತ್ರ, ಅದಕ್ಕಿಂತ ಹೆಚ್ಚಿನವರನ್ನು ಡಾಕ್ಟರು ಮಲಗಿಸುವುದೇ ಇಲ್ಲ ಎಂದಳು. ತೂಗಿ ನೋಡಿ ಎಂದ ತೂಕದಣ್ಣ. ಆಸ್ಪತ್ರೆಯ ತಕ್ಕಡಿಯ ಮುಳ್ಳು ನೂರಾ ಹತ್ತರ ಕೊನೆಗೆ ಬಡಿದು ಅಲ್ಲೇ ನಿಂತಿತು. ಅದಕ್ಕೂ ಮುಂದೆ ಅಂಕಿಯೇ ಇರಲಿಲ್ಲ. ನಾಲ್ಕರೊಳಗೆ ಎಲ್ಲಿಂದಾದರೂ ಅಚ್ಚಾದ ತೂಕದ ಚೀಟಿ ತಂದರೆ ನೋಡೋಣ ಎಂದಳು ನರ್ಸ್, ಪೀಡೆ ತೊಲಗಲಿ ಎಂಬಂತೆ.

ತೂಕದ ಚೀಟಿ! ಇವನಿಗೆ! ತೂಕದಣ್ಣ ಗೆದ್ದವನ ಹಾಗೆ ನಕ್ಕು ಸ್ಕೂಟರ್ ಏರಿದ.

ವೇಬ್ರಿಡ್ಜಿನ ಬಳಿ ಜಗಳ ಜೋರಾಗಿತ್ತು. ಒಬ್ಬ ಡ್ರೈವರ್ ತನ್ನ ಲಾರಿಯ ಚೀಟಿ ಹಿಡಿದು, ಈ ಮಿಷನ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ ಎಂದು ಕೂಗಾಡುತ್ತಿದ್ದ. ಹಿಂದೆ ಐದಾರು ಡ್ರೈವರುಗಳು ಹೂಂಗುಟ್ಟುತ್ತಿದ್ದರು. ತೂಕದಣ್ಣ ಎಲ್ಲರನ್ನೂ ಸರಿಸಿ, ತೂಗುವ ಕಬ್ಬಿಣದ ಹಾಸಿನ ಮೇಲಿದ್ದ ಲಾರಿಯನ್ನು ಕೆಳಗಿಳಿಸಿ, ಖಾಲಿಯಾದ ಹಾಸಿನ ನಟ್ಟನಡುವೆ ಒಬ್ಬನೇ ನಿಂತ. ಒಳಗೆ ಬಡಗಿ ಗುಂಡಿ ಒತ್ತಿದ. ಚೀಟಿ ಹೊರಬಂತು.

ನೂರಾ ನಲವತ್ತು.

ಡ್ರೈವರ್ ಚೀಟಿ ಇಣುಕಿ ನೋಡಿದ, ಆಮೇಲೆ ತೂಕದಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ವಿಷಯವೆಲ್ಲ ಬಡಗಿ ಅಷ್ಟರಲ್ಲೇ ಒದರಿಬಿಟ್ಟಿದ್ದ.

"ನೀವು ನೂರಾ ನಲವತ್ತು ಇದ್ದೀರಾ ಅಣ್ಣ?" ಎಂದು ಡ್ರೈವರ್ ಬಹಳ ಮೆತ್ತಗೆ ಕೇಳಿದ. "ಇಲ್ಲ ಅನ್ನಿ. ಮಿಷನ್ ತಪ್ಪು ಅಂತ ಒಂದು ಕಾಗದದಲ್ಲಿ ಬರೆದುಕೊಡಿ. ನಾವೆಲ್ಲ ಸಾಕ್ಷಿ ಸೈನ್ ಹಾಕ್ತೀವಿ. ನರ್ಸಮ್ಮಂಗೆ ತೋರಿಸಿ ಇಂಜೆಕ್ಷನ್ ತಗೊಳ್ಳಿ."

ಗಡಿಯಾರದಲ್ಲಿ ಮೂರೂವರೆ. ಕಾಲು ಸೊಂಟದಿಂದ ಕೆಳಗೆ ಕೆಂಡವಾಗಿತ್ತು. ತೂಕದಣ್ಣನಿಗೆ ಅಳುವೇ ಬಂತು. ಆದರೆ ಹನ್ನೊಂದು ವರ್ಷದಲ್ಲಿ ತಾನು ಎಷ್ಟು ಲಾರಿಗಳನ್ನು ತಿರುಗಿಸಿ ಕಳಿಸಿದ್ದೆ, ಎಷ್ಟು ಡ್ರೈವರುಗಳನ್ನು ಸುಳ್ಳ ಅಂದಿದ್ದೆ ಎಂದು ನೆನೆದ. ಮಿಷನ್ ತಪ್ಪು ಎಂದು ಬರೆದುಕೊಟ್ಟರೆ ಅವರೆಲ್ಲ ಲೆಕ್ಕ ಕೇಳಲು ಬರುವವರೇ. ಆರು ಜೋಡಿ ಕಣ್ಣುಗಳು ಅವನ ಬಾಯಿಯನ್ನೇ ನೋಡುತ್ತಿದ್ದವು.

"ಮಿಷನ್ ಸರಿಯಾಗೇ ಇದೆ," ಎಂದ ತೂಕದಣ್ಣ, ಗಟ್ಟಿ ದನಿಯಲ್ಲಿ. "ನಾನೇ ಅಷ್ಟಿದ್ದೀನಿ."

ಡ್ರೈವರುಗಳು ಗೊಣಗುತ್ತ ಚದುರಿದರು. ತೂಕದಣ್ಣ ನರ್ಸಿಗೆ ಫೋನ್ ಮಾಡಿ ಹೆಸರನ್ನು ಮುಂದಿನ ತಿಂಗಳಿಗೆ ಬರೆಸಿದ. ಅಷ್ಟರೊಳಗೆ ಅವನು ಹತ್ತು ಕಿಲೋ ಇಳಿಸಬೇಕಿತ್ತು, ಅದೂ ಮೈಮೇಲೆ ಇಲ್ಲದ ಇಪ್ಪತ್ತೈದು ಕಿಲೋದೊಳಗಿಂದ.