ಬೋಳು ಮುಖದ ಫೋನು

ನಮ್ಮ ಚಿಕ್ಕಪ್ಪನಿಗೆ ಫೋನ್ ಮಾಡಲು ಬರುತ್ತಿರಲಿಲ್ಲ ಎಂದರೆ ನೀವು ನಂಬುತ್ತೀರಾ? ಅದೂ ಹಗಲೆಲ್ಲ ಫೋನಿನಲ್ಲೇ ಇರುತ್ತಿದ್ದ ಮನುಷ್ಯನಿಗೆ!

ಎಪ್ಪತ್ತರ ದಶಕದ ಮಾತು. ಮೈಸೂರಿನಿಂದ ವರ್ಗವಾಗಿ ಬಂದ ಚಿಕ್ಕಪ್ಪ ಕೊಚ್ಚಿಯ ಪಾಲಾರಿವಟ್ಟಂನ ಕಚೇರಿಯೊಂದರಲ್ಲಿ ಅಧಿಕಾರಿ. ನಾನು ಎದುರು ಮೇಜಿನ ಹೊಸ ಗುಮಾಸ್ತ. ಅವರ ಮುಂದೆ ಎರಡು ಫೋನು. ಒಂದು ಎಲ್ಲರ ಮನೆಯದರ ಹಾಗೆ. ಇನ್ನೊಂದಕ್ಕೆ ಡಯಲ್ಲೇ ಇಲ್ಲ, ಬೋಳು ಮುಖ! ರಿಸೀವರ್ ಎತ್ತಿದರೆ ಸಾಕು, ನೇರ ತಿರುವನಂತಪುರದ ಕಚೇರಿಯಲ್ಲಿ ಗಂಟೆ ಬಾರಿಸುತ್ತಿತ್ತು. ಅಲ್ಲಿ ಎತ್ತುತ್ತಿದ್ದವರು ಒಬ್ಬ ಮಲಯಾಳಿ, ಚಿಕ್ಕಪ್ಪನ ಬಾಯಲ್ಲಿ 'ಚೇಟ್ಟನ್', ಅಂದರೆ ಅಣ್ಣ. ವರ್ಷಗಟ್ಟಲೆ ಮಾತಾಡಿಯೂ ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಈ ಸುಖ ಚಿಕ್ಕಪ್ಪನನ್ನು ಪೂರ್ತಿ ಕೆಡಿಸಿತು. ಒಮ್ಮೆ ಫೋರ್ಟ್ ಕೊಚ್ಚಿಯ ಸ್ನೇಹಿತರ ಮನೆಯಲ್ಲಿ ಫೋನ್ ಎತ್ತಿ, ಗುಂಯ್ ಎನ್ನುವ ಸದ್ದಿಗೇ "ನಾಳೆ ನಾನು ರಜ" ಎಂದು ಹೇಳಿ ಇಟ್ಟುಬಿಟ್ಟರು! ಮರುದಿನ ನಾವು ಕಾದದ್ದೇ ಕಾದದ್ದು.

"ನಂಬರ್ ತಿರುಗಿಸಬೇಕಲ್ವಾ ಚಿಕ್ಕಪ್ಪಾ?"

"ಎತ್ತಿದ ಮೇಲೂ ಯಾರು ಬೇಕು ಅಂತ ಬೆರಳಲ್ಲಿ ಹೇಳಬೇಕೇನೋ? ಎಂಥ ಅನಾಗರಿಕ ಯಂತ್ರ!"

ಒಂದು ಮಧ್ಯಾಹ್ನ ಪಕ್ಕದ ಮನೆಯವರು ಏದುಸಿರು ಬಿಡುತ್ತ ಕಚೇರಿಗೆ ನುಗ್ಗಿದರು. "ಸಾರೇ, ಚೇಚ್ಚಿಕ್ಕ್ ಶ್ವಾಸಂ ಕಿಟ್ಟುನ್ನಿಲ್ಲ!" ಚಿಕ್ಕಮ್ಮನಿಗೆ ಉಬ್ಬಸ ಕೆರಳಿ ಉಸಿರೇ ಸಿಗುತ್ತಿರಲಿಲ್ಲ. ಅವರ ಡಾಕ್ಟರು ಇದ್ದದ್ದು ಕಳಮಶ್ಶೇರಿಯಲ್ಲಿ. ಚಿಕ್ಕಪ್ಪ ಗಬಕ್ಕನೆ ಎತ್ತಿದ್ದು ಬೋಳು ಫೋನನ್ನು!

"ಅದು ತಿರುವನಂತಪುರ, ಚಿಕ್ಕಪ್ಪಾ!"

"ಗೊತ್ತು, ಸುಮ್ನಿರೋ!" ಡಾಕ್ಟರ ನಂಬರನ್ನು ಅತ್ತ ಒದರಿ, "ವೇಗಂ, ಚೇಟ್ಟಾ!" ಎಂದವರೇ ಮನೆಗೆ ಓಡಿದರು.

ಪಕ್ಕದೂರಿನ ಡಾಕ್ಟರನ್ನು ರಾಜಧಾನಿಯಿಂದ ಕರೆಸುವುದೇ! ನಾನು ಇನ್ನೊಂದು ಫೋನಿನಲ್ಲಿ ಡಯಲ್ ತಿರುಗಿಸಿದೆ. ಅವಸರದಲ್ಲಿ ಮೊದಲು ಸಿಕ್ಕಿದ್ದು ಯಾವುದೋ ಮರದ ಮಿಲ್ಲು. ಎರಡನೇ ಸಲ ಎಂಗೇಜ್. ಇಂಥ ಹೊತ್ತಿನಲ್ಲಿ ಡಾಕ್ಟರ ಜೊತೆ ಹರಟುತ್ತಿರುವ ಆ ಮಹಾನುಭಾವ ಯಾರಪ್ಪಾ ಎಂದು ಶಪಿಸಿದೆ. ಯಾರೆಂದುಕೊಂಡಿರಿ? ತಿರುವನಂತಪುರದ ಚೇಟ್ಟನ್ನೇ! ಎಲ್ಲ ಕರೆಗಳನ್ನೂ ಹಿಂದಿಕ್ಕಿ ತಕ್ಷಣ ಸಿಗುವ ದುಬಾರಿ ಲೈಟ್ನಿಂಗ್ ಕಾಲ್ ಹಾಕಿಸಿದ್ದರು. ನಾನು ಮತ್ತೆ ತಿರುಗಿಸುವಷ್ಟರಲ್ಲಿ ಬೋಳು ಫೋನಿನ ಗಂಟೆ ಬಾರಿಸಿತು: ಡಾಕ್ಟರು ಕಾರು ಹತ್ತಿದ್ದಾರಂತೆ.

ಚಿಕ್ಕಮ್ಮನ ಉಸಿರಾಟ ಸರಿಹೋಯಿತು. ಸಂಜೆ ಚಿಕ್ಕಪ್ಪ ಕಚೇರಿಗೆ ಬಂದಾಗ ಎಲ್ಲರೂ ಹೋಗಿಯಾಗಿತ್ತು, ನಾನೊಬ್ಬನೇ ಇದ್ದೆ. ಬೋಳು ಫೋನಿನ ರಿಸೀವರ್ ಎತ್ತಿದರು. ಕಚೇರಿ ಸಮಯ ಮುಗಿದಿದ್ದರೂ ಅತ್ತ ಚೇಟ್ಟನ್ ಮೊದಲ ರಿಂಗಿಗೇ ಎತ್ತಿದರು.

ಮೇಜಿನಾಚೆಗಿದ್ದ ನನಗೂ ಆ ದನಿ ಕೇಳಿಸಿತು. "ಸಾರೇ... ಚೇಚ್ಚಿ ವಲ್ಲದುಂ ಕಳಿಚ್ಚೋ?" ಏನಾದರೂ ತಿಂದರಾ ಎಂದು.

"ಗಂಜಿ ಕುಡಿದಳಪ್ಪಾ," ಎಂದರು ಚಿಕ್ಕಪ್ಪ, ಅಪ್ಪಟ ಮೈಸೂರು ಕನ್ನಡದಲ್ಲಿ. ಆಮೇಲೆ ಎರಡೂ ಕೈಯಲ್ಲಿ ರಿಸೀವರ್ ಹಿಡಿದುಕೊಂಡು ಸುಮ್ಮನೆ ಕೂತರು. ಅತ್ತಲಿಂದಲೂ ಯಾರೂ ಇಡಲಿಲ್ಲ.